ಮಾತಿನ ಮಂಡಳಿಯ ಚುನಾವಣೆ

ನಾನು ಕಿವಿ ಪರೀಕ್ಷೆ ಮಾಡುವವಳು, ಮಾತು ಹೋದವರಿಗೆ ಮಾತು ಕಲಿಸುವವಳು. ಓದಿದ್ದು ಎರಡಕ್ಕೂ ಸೇರಿಸಿ ಒಂದು ಉದ್ದನೆಯ ಹೆಸರಿನ ಡಿಗ್ರಿ. ನಮ್ಮ ಕಡೆಯ ಜನ ಅದನ್ನು ಮೊಟಕು ಮಾಡಿ 'ಕಿವಿ ಮೇಡಂ' ಅನ್ನುತ್ತಾರೆ. ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ವಾರದಲ್ಲಿ ಒಂದೊಂದು ದಿನ ಗಂಗಾವತಿ, ಕುಷ್ಟಗಿ, ಯಲಬುರ್ಗಾಕ್ಕೆ ಹೋಗಿ ಬಾಡಿಗೆ ಕೋಣೆಗಳಲ್ಲಿ ಕೂರುತ್ತೇನೆ. ಗಂಗಾವತಿಯ ಕೋಣೆಯ ಹಿಂದೆ ಭತ್ತದ ಲಾರಿಗಳು ರಿವರ್ಸ್ ತೆಗೆದುಕೊಳ್ಳುತ್ತವೆ. "ಕಿವ್ಯಾಗ ಸಪ್ಪಳ ಕೇಳಿದ ಕೂಡ್ಲೆ ಕೈ ಎತ್ರಿ" ಅಂದರೆ ಜನ ಲಾರಿಯ ಹಾರ್ನಿಗೆ ಕೈ ಎತ್ತುತ್ತಾರೆ. ನಾನು ಅವರ ಕೈ ಇಳಿಸಿ, ಲಾರಿ ಹೋಗುವವರೆಗೆ ಕಾದು, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಮನೆಯವರ ದೂರು. ನನ್ನ ಕುರ್ಚಿಯಲ್ಲಿ ಒಂದು ದಿನ ಕೂತರೆ ಅವರಿಗೂ ಬಂದೀತು.

ಈ ಓಡಾಟದಲ್ಲಿ ನನಗೆ ಆಸರೆಯಾಗಿದ್ದವರು ವಿದ್ಯಾರ್ಥಿನಿಯರು. ದೂರದ ಊರಿನ ಕಾಲೇಜೊಂದರಿಂದ ಇದೇ ಡಿಗ್ರಿ ಓದುವ ಹುಡುಗಿಯರು ಜೋಡಿಯಾಗಿ ಬಂದು, ಕೆಲವು ತಿಂಗಳು ನನ್ನ ಜೊತೆಗಿದ್ದು, ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಹಾಗೆ ನೋಡಿದ ಸಮಯ ಅವರ ಓದಿನ ಲೆಕ್ಕಕ್ಕೆ ಸೇರುತ್ತಿತ್ತು. ಒಂದು ಜೋಡಿ ಹೋದರೆ ಇನ್ನೊಂದು ಜೋಡಿ ಬರುತ್ತಿತ್ತು. ಅವರಿಗೆ ರೋಗಿಗಳು ಬೇಕಿತ್ತು, ನಮ್ಮ ರೋಗಿಗಳಿಗೆ ಅವರು ಬೇಕಾಗಿತ್ತು.

ಅಂಥ ರೋಗಿಗಳಲ್ಲಿ ಒಬ್ಬರು ಇರಕಲ್ಲಗಡದ ನನ್ನ ಸೋದರಮಾವ. ಬಹಳ ಹಿಂದೆ ಒಂದು ಸಹಕಾರಿ ಸಂಘದ ಅಧ್ಯಕ್ಷರಾಗಿದ್ದವರು. ನಮ್ಮ ಕಡೆ ಒಮ್ಮೆ ಅಧ್ಯಕ್ಷ ಆದವನು ಸಾಯುವ ತನಕ ಅಧ್ಯಕ್ಷ, ಒಮ್ಮೆ ಮೆಂಬರ್ ಆದವನು ಸಾಯುವ ತನಕ ಮೆಂಬರ್. ಆ ಸಂಘ ಮುಚ್ಚಿ ಅದರ ಕಟ್ಟಡದಲ್ಲಿ ಸೈಕಲ್ ಅಂಗಡಿ ಬಂದರೂ ಮಾಮನನ್ನು ಜನ "ಅಧ್ಯಕ್ಷರ" ಅಂತಲೇ ಕರೆಯುತ್ತಾರೆ. ಸುತ್ತಲಿನ ಯಾವ ಸಂಘದ ಚುನಾವಣೆಯೇ ಬರಲಿ, ಅದನ್ನು ಗೆಲ್ಲಿಸಿಕೊಡುವ ಗುತ್ತಿಗೆ ಮಾಮನದೇ. ಮಾತಿನಲ್ಲೇ ಊಟ, ಮಾತಿನಲ್ಲೇ ನಿದ್ದೆ ಅನ್ನುವಂಥ ಮನುಷ್ಯನಿಗೆ ಲಕ್ವಾ ಹೊಡೆದು ಬಲಗೈ ಸೋತಿತು, ಮಾತು ಹೋಯಿತು. ಬುದ್ಧಿ ಎಲ್ಲ ಇದ್ದಲ್ಲೇ ಇತ್ತು. ಹೇಳಿದ್ದು ತಿಳಿಯುತ್ತದೆ, ಹೇಳಬೇಕಾದ್ದೂ ಗೊತ್ತಿರುತ್ತದೆ, ಆದರೆ ಮಾತು ಗಂಟಲವರೆಗೆ ಬಂದು ನಿಂತುಬಿಡುತ್ತದೆ. ಅವಸರ ಮಾಡಿದಷ್ಟೂ ಬರುವುದಿಲ್ಲ. ಆರಾಮಾಗಿ ಕೂತಾಗ ಕೆಲವೊಮ್ಮೆ ತಾನೇ ಹೊರಗೆ ಬೀಳುತ್ತದೆ.

ಮೊದಲು ನಾನೇ ಕಲಿಸಲು ಹೋದೆ. ಎಮ್ಮೆಯ ಚಿತ್ರದ ಕಾರ್ಡು ಹಿಡಿದು "ಇದೇನ್ರಿ ಮಾಮಾ?" ಅಂತ ಕೇಳಿದೆ. ಮಾಮ ಕಾರ್ಡು ನೋಡಿದರು, ನನ್ನನ್ನು ನೋಡಿದರು, ಎಡಗೈಯಿಂದ ಕಾರ್ಡನ್ನು ಕಿತ್ತುಕೊಂಡು ಕಿಟಕಿಯಿಂದ ಹೊರಗೆ ಎಸೆದರು. ಹೊರಗೆ ನಿಜವಾದ ಎಮ್ಮೆ ಕಟ್ಟಿತ್ತು, ಅದು ಕಾರ್ಡಿನ ಮೇಲೆ ಕಾಲಿಟ್ಟಿತು. ಮಾಮನ ಹೆಂಡತಿ, ಅಂದರೆ ನಮ್ಮ ಅತ್ತಿ, ಗಂಡನ ಮುಖ ನೋಡಿಯೇ ಎಲ್ಲವನ್ನೂ ಕನ್ನಡಕ್ಕೆ ಇಳಿಸುವವಳು. "ನನ್ನ ತೊಡಿ ಮ್ಯಾಲೆ ಉಚ್ಚಿ ಹೊಯ್ದಾಕಿ ಕಡಿಂದ ನಾ ಎಮ್ಮಿ ಕಲೀಲೇನು ಅಂತಾರ ನೋಡವಾ ನಿಮ್ಮ ಮಾಮಾ" ಅಂದಳು. ಮಾಮ ಹೌದು ಅಂತ ಗೋಣು ಆಡಿಸಿದರು.

ಆದರೆ ಹೊರಗಿನಿಂದ ಬಂದ ಹುಡುಗಿಯರ ಮುಂದೆ ಅದೇ ಮಾಮ ಸಾಲಿ ಹುಡುಗನ ಹಾಗೆ ಕೂರುತ್ತಿದ್ದರು. ಅವರು ಬರುವ ದಿನ ಇಸ್ತ್ರಿ ಮಾಡಿದ ಅಂಗಿ. ಅವರು "ಅಂಕಲ್, ಹೇಳಿ ನೋಡೋಣ" ಅಂದರೆ ಸಾಕು, ಎಮ್ಮೆ, ಚಾ, ಚಪ್ಪಲಿ ಎಲ್ಲದಕ್ಕೂ ಬೆವರು ಸುರಿಸಿ ಬಾಯಿ ತೆರೆಯುತ್ತಿದ್ದರು. ವರ್ಷ ಕಳೆಯುವುದರಲ್ಲಿ ಒಂದು ಕೈಚೀಲದಷ್ಟು ಮಾತು ವಾಪಸ್ ಬಂತು. 'ಆಯ್ತು', 'ಬ್ಯಾಡ', 'ಛಲೋ', ಊರುಗಳ ಹೆಸರು, ಕೆಲವು ಬೈಗುಳ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಹೊಟ್ಟೆಕಿಚ್ಚೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಅಷ್ಟರಲ್ಲಿ ಆ ಸುದ್ದಿ ಬಂತು. ನಮ್ಮ ಕೋರ್ಸು ನಡೆಸುವ ಕಾಲೇಜುಗಳಿಗೆ ಮಾನ್ಯತೆ ಕೊಡುವ ಒಂದು ಮಂಡಳಿ ಇದೆ. ಕೋಣೆ ಎಷ್ಟು ದೊಡ್ಡದಿರಬೇಕು, ಹುಡುಗರು ಎಷ್ಟು ಕಲಿಯಬೇಕು ಎಲ್ಲ ಅದರದೇ ತೀರ್ಮಾನ. ಇನ್ನು ಮುಂದೆ ಹೊರಗಿನ ಸದ್ದು ಒಳಗೆ ಬಾರದಂಥ ಕೋಣೆಯಲ್ಲಿ ಮಾಡಿದ ಕೆಲಸ ಮಾತ್ರ ವಿದ್ಯಾರ್ಥಿಗಳ ಲೆಕ್ಕಕ್ಕೆ ಸೇರಬೇಕು ಅಂತ ಆ ಮಂಡಳಿ ನಿಯಮ ತರಲು ಹೊರಟಿತ್ತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೊರಗಿನ ಸದ್ದು ಒಳಗೆ ಬಾರದ ಕೋಣೆ ಅಂದರೆ ಬಹುಶಃ ಕೋಲ್ಡ್ ಸ್ಟೋರೇಜ್ ಮಾತ್ರ. ನಿಯಮ ಬಂದರೆ ಹುಡುಗಿಯರು ಬರುವುದಿಲ್ಲ. ಹುಡುಗಿಯರು ಬಾರದಿದ್ದರೆ ಮಾಮ ಬಾಯಿ ತೆರೆಯುವುದಿಲ್ಲ. ನನಗೆ ನಿಜವಾಗಿ ಭಯವಾಯಿತು. ಕೈಚೀಲದಷ್ಟು ಬಂದ ಮಾತು ಬಳಸದಿದ್ದರೆ ಸೋರಿ ಹೋಗುತ್ತದೆ, ಅದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಮಂಡಳಿಯಲ್ಲಿ ಕಾಲೇಜಿನ ಹೊರಗೆ ಕೆಲಸ ಮಾಡುವವರಿಗಾಗಿ ನಮ್ಮ ವಲಯಕ್ಕೆ ಒಂದು ಕುರ್ಚಿ ಇತ್ತು. ಅದಕ್ಕೆ ಚುನಾವಣೆ ಬಂದಿತ್ತು. ನಿಯಮದ ವಿರುದ್ಧ ಒಬ್ಬರಾದರೂ ಅಲ್ಲಿ ಕೂತು ಬಾಯಿ ಮಾಡಲಿ ಅಂತ ನಾನು ನಿಂತೆ. ಎದುರಿಗೆ ಒಬ್ಬ ಪ್ರೊಫೆಸರ್. ಕಾಲೇಜಿನಿಂದ ನಿವೃತ್ತರಾಗಿ ದೊಡ್ಡ ಊರಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟವರು, ಸದ್ದಿಲ್ಲದ ಕೋಣೆಗಳ ಮೇಲೆ ಭಾರಿ ಪ್ರೀತಿ ಇದ್ದವರು. ಓಟು ಹಾಕುವುದು ಮೊಬೈಲಿನಲ್ಲಿ. ಎರಡು ದಿನ ಅವಕಾಶ, ಎರಡನೇ ದಿನ ಸಂಜೆ ಐದಕ್ಕೆ ಮುಕ್ತಾಯ. ಮತದಾರರು ನಮ್ಮ ಓದು ಓದಿದವರು ಮಾತ್ರ. ಫೋನ್ ತೆಗೆದು ಬೆರಳು ಒತ್ತಿದರೆ ಮುಗಿಯುವ ಕೆಲಸ.

ಇದನ್ನು ಇರಕಲ್ಲಗಡದಲ್ಲಿ ಅತ್ತಿಯ ಮುಂದೆ ಹೇಳಿದೆ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಮಾಮ 'ಚುನಾವಣಿ' ಅನ್ನುವ ಶಬ್ದಕ್ಕೆ ಎದ್ದು ಕೂತರು. ಕಣ್ಣಲ್ಲಿ ಹಳೇ ಬೆಳಕು.

"ಎಷ್ಟು?" ಅಂದರು.

"ಓಟು ಎಷ್ಟದಾವು ಅಂತ ಕೇಳಾಕತ್ತಾರ" ಅಂದಳು ಅತ್ತಿ.

"ನಮ್ಮ ಜಿಲ್ಲಾದಾಗ ಭಾಳ ಇಲ್ಲ ಮಾಮಾ. ಒಂದು ಗಾಡ್ಯಾಗ ಹಿಡಸ್ತಾರ."

"ಕ್ರೂಸರ್" ಅಂದರು ಮಾಮ, ನಾಲಿಗೆ ತಡವರಿಸದೆ. 'ಎಷ್ಟು' ಆಗಲಿ 'ಕ್ರೂಸರ್' ಆಗಲಿ ನಾವು ಯಾರೂ ಕಲಿಸಿದ್ದಲ್ಲ. ಮಾತು ಕಲಿಸುವವಳಾಗಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಭ್ಯರ್ಥಿಯಾಗಿ ನಾನು ಆಗಲೇ ಎಚ್ಚರಾಗಬೇಕಿತ್ತು.

ವಾರ ಕಳೆಯುವುದರಲ್ಲಿ ಇರಕಲ್ಲಗಡದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಂತಿತು. ಯಾರದೋ ಮದುವೆಯಲ್ಲಿ ತೆಗೆದ ನನ್ನ ಫೋಟೋ, ಕೈಯಲ್ಲಿ ಅರ್ಧ ತಿಂದ ಹೋಳಿಗೆ ಕಾಣುತ್ತಿತ್ತು. ಕೆಳಗೆ 'ಮಾತಿನ ಮಂಡಳಿಗೆ ನಮ್ಮೂರ ಮೊಮ್ಮಗಳು' ಅಂತ ದೊಡ್ಡ ಅಕ್ಷರ. ಕ್ಲಿನಿಕ್ಕಿಗೆ ಬಂದವರೆಲ್ಲ ಬೇಡಿಕೆ ಇಡತೊಡಗಿದರು. ಒಬ್ಬರಿಗೆ ಬೋರ್‌ವೆಲ್ ಬೇಕು, ಇನ್ನೊಬ್ಬರಿಗೆ ಹೊಲಕ್ಕೆ ದಾರಿ ಬೇಕು. ಇದು ಅಂಥ ಚುನಾವಣೆ ಅಲ್ಲ, ಮಾತಿನ ಕೋರ್ಸಿಗೆ ಮಾನ್ಯತೆ ಕೊಡುವುದು ಅಂತ ಬಿಡಿಸಿ ಹೇಳಿದೆ. ಯಲಬುರ್ಗಾದ ಒಬ್ಬ ಹೆಣ್ಣುಮಗಳು ಕೇಳಿಸಿಕೊಂಡು, "ಅಂದ್ರ ಮಾತಾಡಾಕ ಲೈಸೆನ್ಸ್ ಕೊಡೋರನ್ರಿ? ಹಂಗಿದ್ರ ನಮ್ಮ ಅತ್ತಿದು ರದ್ದು ಮಾಡ್ರಿ ಮೇಡಂ" ಅಂದಳು. ಪಕ್ಕದಲ್ಲೇ ಕೂತಿದ್ದ ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ, ಆಕೆ ನನ್ನನ್ನು ನೋಡಿ ಕೈ ಮುಗಿದಳು.

ನಮ್ಮ ಕಡೆ ಸಂಘದ ಚುನಾವಣೆ ಅಂದರೆ ಮೊದಲು ಅವಿರೋಧ ಆಯ್ಕೆಗೆ ಪ್ರಯತ್ನ ಮಾಡಬೇಕು. ಹಿರಿಯರು ಎದುರಾಳಿಯ ಮನೆಗೆ ಹೋಗಿ, ಶಾಲು ಹೊದಿಸಿ, ಹಣ್ಣು ಕೊಟ್ಟು, "ಈ ಸಲ ನಮಗ ಬಿಡ್ರಿ, ಮುಂದಿನ ಸಲ ನಿಮಗ" ಅನ್ನಬೇಕು. ಮಾಮ ನನಗೆ ತಿಳಿಸದೆ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಪ್ರೊಫೆಸರ್ ಇದ್ದ ಊರಿಗೇ ಹೋಗಿಬಿಟ್ಟರು. ನನಗೆ ಗೊತ್ತಾಗಿದ್ದು ಪ್ರೊಫೆಸರ್ ಫೋನ್ ಮಾಡಿದಾಗ.

"ನಿಮ್ಮ ಸೋದರಮಾವ ಬಂದಿದ್ದರು. ಬಹಳ ಒಳ್ಳೆಯ ಕೇಸು" ಅಂದರು.

ನಡೆದದ್ದು ಇಷ್ಟು. ಅಧ್ಯಕ್ಷರು ಮೊದಲ ಮಾತು ಎತ್ತದೆ ಉಳಿದವರು ಬಾಯಿ ತೆರೆಯಬಾರದು ಅನ್ನುವುದು ಇಂಥ ಭೇಟಿಗಳ ಪದ್ಧತಿ. ಮಾಮನಿಗೆ ಮೊದಲ ಮಾತು ಬರಲಿಲ್ಲ. ಹಿರಿಯರು ಮರ್ಯಾದೆಗೆ ಸುಮ್ಮನೆ ಕೂತರು. ಸೋತ ಕೈ, ತಡವರಿಸುವ ಬಾಯಿ, ಜೊತೆಗೆ ಇಬ್ಬರು, ಹಣ್ಣಿನ ಬುಟ್ಟಿ ನೋಡಿ ಪ್ರೊಫೆಸರ್ ರೋಗಿ ಅಂದುಕೊಂಡರು. ತಮ್ಮ ಸದ್ದಿಲ್ಲದ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ, ತಾಸುಗಟ್ಟಲೆ ಪರೀಕ್ಷೆ ಮಾಡಿದರು. ಹೊರಗೆ ಹಿರಿಯರು ಚೀಟಿಯಲ್ಲಿ ನನ್ನ ಸೋದರಮಾವ ಅಂತ ಬರೆಸಿದ್ದರು, ಅದಕ್ಕೆ ಫೀಸು ತೆಗೆದುಕೊಳ್ಳಲಿಲ್ಲ. ಮಾಮನ ಮೊಬೈಲಿಗೆ ಅಭ್ಯಾಸದ ಪಾಠಗಳನ್ನೂ ಹಾಕಿಕೊಟ್ಟರು. ಹಿರಿಯರು ಹೊರಗೆ ಕಾದು ಕಾದು ತಾವು ತಂದಿದ್ದ ಕಿತ್ತಳೆಯನ್ನು ತಾವೇ ತಿಂದರು. ಶಾಲು ಮಾತ್ರ ಪ್ರೊಫೆಸರಿಗೆ ಸಿಕ್ಕಿತು, ಕೃತಜ್ಞತೆ ಅಂತ ಅವರು ಸ್ವೀಕರಿಸಿದರು.

ನಾನು ಇರಕಲ್ಲಗಡಕ್ಕೆ ಹೋಗಿ ಕೂಗಾಡಿದೆ. ಮಾಮ ತಲೆ ತಗ್ಗಿಸಿ ಕೇಳಿದರು. ಕೊನೆಗೆ ಪ್ರೊಫೆಸರ್ ಬಗ್ಗೆ "ಛಲೋ... ಮನಶ್ಯಾ" ಅಂದರು.

"ಮತ್ತ ಆ ಸಪ್ಪಳಿಲ್ಲದ ಕೋಲಿ ಹೆಂಗಿತ್ತು ಮಾಮಾ?"

ಮಾಮ ಎಡಗೈಯಿಂದ ಕಿವಿ ಮುಚ್ಚಿಕೊಂಡರು, ಹುಡುಕಿದರು, ಸಿಕ್ಕಿತು.

"ಕುಣಿ."

ಹೆಣ ಹೂಳುವ ಕುಣಿ. ಆ ಕೋಣೆಗಳ ವಿರುದ್ಧ ನಾನು ಮತದಾರರಿಗೆ ಬರೆದ ಉದ್ದನೆಯ ಮನವಿಯಲ್ಲಿ ಇಷ್ಟು ಗಟ್ಟಿಯಾದ ಮಾತು ಒಂದೂ ಇರಲಿಲ್ಲ.

ಅವಿರೋಧ ಆಗಲಿಲ್ಲ ಅಂದ ಮೇಲೆ ಉಳಿದದ್ದು ಪ್ರವಾಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಟು ಹಾಕುವ ಮೊದಲು ಮತದಾರರನ್ನು ಗಾಡಿಯಲ್ಲಿ ತುಂಬಿಕೊಂಡು ಎದುರು ಪಾರ್ಟಿಯವರಿಗೆ ಸಿಗದ ಜಾಗಕ್ಕೆ ಒಯ್ಯಬೇಕು, ಚೆನ್ನಾಗಿ ಉಣ್ಣಿಸಬೇಕು, ಫೋನ್ ಕಸಿದುಕೊಳ್ಳಬೇಕು, ಕೊನೆಯ ತಾಸಿನಲ್ಲಿ ಕರೆತಂದು ಎಲ್ಲರಿಂದ ಒಟ್ಟಿಗೆ ಓಟು ಹಾಕಿಸಬೇಕು. ಮೊಬೈಲಿನಲ್ಲೇ ಓಟು ಹಾಕುವುದು ಅಂತ ನಾನು ಮಾಮನಿಗೆ ಹತ್ತು ಸಲ ಹೇಳಿದ್ದೆ. ಮಾಮನಿಗೆ ಅದು ಚೆನ್ನಾಗಿಯೇ ತಿಳಿದಿತ್ತು. ಹಾಗಾದರೆ ಫೋನನ್ನೇ ಬಂದೋಬಸ್ತಾಗಿ ಕಾಯಬೇಕು ಅಂತ ಅವರು ತಿಳಿದುಕೊಂಡರು.

ಓದಿದವರು ಇದಕ್ಕೆ ಒಪ್ಪುವುದಿಲ್ಲ ಅಂದುಕೊಂಡಿದ್ದೆ. ಎಲ್ಲರೂ ಹಾರಿ ಬಂದರು, ಮಾಮನ ಅಪ್ಪಣೆಯಂತೆ ಮೊದಲ ದಿನ ನಾನೂ ಸೇರಿ ಯಾರೂ ಓಟು ಹಾಕಿರಲಿಲ್ಲ. ಗಂಗಾವತಿಯಲ್ಲಿ ಕಿವಿ ಮಷಿನ್ ಹಾಕುವ ಸಹೋದ್ಯೋಗಿಯೊಬ್ಬರು ಹೊಸ ಅಂಗಿ ತೊಟ್ಟು ಬಂದು, "ಇಷ್ಟು ವರ್ಷಕ್ಕ ನಮ್ಮನ್ನೂ ಯಾರರ ಎತ್ತಾಕ್ಕೊಂಡು ಹೋಗೂವಂಗ ಆತು ನೋಡ್ರಿ ಮೇಡಂ" ಅಂತ ಕಣ್ಣು ಒದ್ದೆ ಮಾಡಿಕೊಂಡರು. ಕೊನೆಯ ದಿನ ಬೆಳಿಗ್ಗೆ ಕ್ರೂಸರ್ ಕೊಪ್ಪಳದಿಂದ ಹೊರಟಿತು. ಯಲಬುರ್ಗಾದಲ್ಲಿ ಒಬ್ಬಳನ್ನು, ಕುಷ್ಟಗಿಯಲ್ಲಿ ಒಬ್ಬನನ್ನು ಹತ್ತಿಸಿಕೊಂಡಿತು. ಆ ದಿನ ನಾಲ್ಕೂ ತಾಲ್ಲೂಕಿನಲ್ಲಿ ಕಿವಿ ನೋಡುವವರು ಒಬ್ಬರೂ ಉಳಿಯಲಿಲ್ಲ. ಮಾಮ ತಗಡಿನ ಪೆಟ್ಟಿಗೆ ಹಿಡಿದು ಫೋನ್ ಸಂಗ್ರಹಿಸಿದರು. ಮೊದಲು ನನ್ನದನ್ನೇ ಕೇಳಿದರು.

"ನಾನ ನಿಂತೀನಿ ಮಾಮಾ, ನನ್ನ ಫೋನ್ ಯಾಕ?"

ಮಾಮ ಡ್ರೈವರನ ಕಡೆ ನೋಡಿದರು. ಹಳೇ ಚುನಾವಣೆಗಳಿಂದಲೂ ಜೊತೆಗಿದ್ದ ಆತ ಹೇಳಿದ. "ಮೊದಲ ಹಾರೂದ ಕ್ಯಾಂಡಿಡೇಟ್ ರೀ ಅಕ್ಕಾರ. ಅಧ್ಯಕ್ಷರ ಅನುಭವ ಐತಿ." ಹೇಳಿದ ಮೇಲೆ ತನ್ನ ಫೋನನ್ನೂ ಪೆಟ್ಟಿಗೆಗೆ ಹಾಕಿದ.

ಹನುಮಸಾಗರದಲ್ಲಿ ಮಾಮನ ಗೆಳೆಯರೊಬ್ಬರ ಗೋದಾಮು ಇತ್ತು. ಅಲ್ಲಿಯ ಕಾವಲುಗಾರ ಮೀಸೆ ದಪ್ಪನೆಯ ಮುದುಕ, ಹಿಂದೆ ಎಷ್ಟೋ ಚುನಾವಣೆಗಳಲ್ಲಿ ಮಾಮನ ಜೊತೆ ಇಂಥ ಕೆಲಸ ಮಾಡಿದವನು. ಪೆಟ್ಟಿಗೆ ಅವನ ಕೈಸೇರಿತು. ಅವನು ಮಾಮನನ್ನು ನೋಡಿದ, ಮಾಮ ಅವನನ್ನು ನೋಡಿದರು, ಇಬ್ಬರೂ ಗೋಣು ಆಡಿಸಿದರು. ನನಗೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ!

ಅಲ್ಲಿಂದ ಗುಡ್ಡದ ಬುಡದ ಒಂದು ತೋಟಕ್ಕೆ ಹೋದೆವು, ಮಧ್ಯಾಹ್ನದವರೆಗೆ ಸ್ವರ್ಗ. ಅತ್ತಿ ಕಟ್ಟಿ ಕಳಿಸಿದ್ದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಉಂಡ ಮತದಾರರು ಹುಣಸೆ ಮರದ ಕೆಳಗೆ ಮಲಗಿಕೊಂಡೇ ಮಾಮನ ಮಾತಿನ ಸ್ಥಿತಿಗತಿ ಚರ್ಚಿಸಿದರು. ಮಾಮ ಉಪ್ಪಿನಕಾಯಿ ಬಡಿಸಲು ಬಂದಾಗಲೆಲ್ಲ ಒಬ್ಬರು "ಅಧ್ಯಕ್ಷರ, ಇದೇನು ಹೇಳ್ರಿ?" ಅಂತ ಚಮಚ ತೋರಿಸುತ್ತಿದ್ದರು.

ಓಟು ಮುಗಿಯಲು ಇನ್ನೂ ಒಂದು ತಾಸು ಇರುವಾಗ ಗೋದಾಮಿಗೆ ಬಂದೆವು. ಎಲ್ಲ ಮಾಮ ಅಂದುಕೊಂಡ ಹಾಗೇ ನಡೆದಿತ್ತು. ಕಾವಲುಗಾರ ಬಾಗಿಲಲ್ಲಿ ಬಡಿಗೆ ಅಡ್ಡ ಹಿಡಿದು ನಿಂತ.

"ಮಾತು ಹೇಳ್ರಿ ಅಧ್ಯಕ್ಷರ" ಅಂದ.

ಮಾಮ ಬಾಯಿ ತೆರೆದರು. ಏನೂ ಬರಲಿಲ್ಲ.

"ಏನು ಮಾತು?" ಅಂದೆ.

"ಗುರುತಿನ ಮಾತ್ರೀ. ಹ್ವಾದ ವಾರ ಬಂದು ನನ್ನ ಕಿವ್ಯಾಗ ಹೇಳಿ ಹೋಗ್ಯಾರ. ಆ ಮಾತು ಅವರ ಬಾಯಿಂದ ಬಂದ್ರ ಪೆಟ್ಟಿಗಿ, ಇಲ್ಲಂದ್ರ ಇಲ್ಲ. ಹಿಂದಿನಿಂದ ಹಂಗ ನಡದೈತಿ."

"ಅವರ ಮುಂದ ನಿಂತಾರಲ್ಲೋ ಯಪ್ಪಾ, ನೋಡಿ ಕೊಡು!"

"ಅವರ ನಿಂತ್ರೂ ಕೊಡಾಂಗಿಲ್ರಿ. ಎದುರ ಪಾರ್ಟಿಯವರು ಅವರನ್ನ ಹಿಡಕೊಂಡು ಬಂದಿದ್ರ? ನೀವ ನೋಡ್ರಿ, ಗಾಡಿ ತುಂಬ ಮಂದಿ ಸುತ್ತುಗಟ್ಟಿ ನಿಂತೀರಿ, ಅಧ್ಯಕ್ಷರ ಬೆವರಾಕತ್ತಾರ."

ಅವನ ಜಾಗದಲ್ಲಿ ನಿಂತು ನೋಡಿದರೆ ಅದು ಹಾಗೇ ಕಾಣುತ್ತಿತ್ತು. ಮಾಮ ತಾವೇ ಹಾಕಿದ ನಿಯಮದೊಳಗೆ ತಾವೇ ಸಿಕ್ಕಿಬಿದ್ದಿದ್ದರು. ಕಾವಲುಗಾರನ ಹಳೇ ಫೋನಿನಿಂದ ಯಾರಿಗಾದರೂ ಕರೆ ಮಾಡೋಣ ಅಂದರೆ ನಮ್ಮಲ್ಲಿ ಯಾರಿಗೂ ಯಾರ ನಂಬರೂ ನೆನಪಿರಲಿಲ್ಲ. ಗೋದಾಮಿನ ಯಜಮಾನರು ಬೇರೆ ಊರಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿದ್ದ ಅತ್ತಿಗೂ ಆ ಮಾತು ಗೊತ್ತಿರುವ ಸಾಧ್ಯತೆ ಇರಲಿಲ್ಲ, ಅತ್ತಿಯ ಮುಂದೆ ಹೇಳಿದ್ದು ಇಡೀ ಇರಕಲ್ಲಗಡಕ್ಕೆ ಹೇಳಿದಂತೆ ಅನ್ನುವುದು ಮಾಮನ ಇನ್ನೊಂದು ಅನುಭವ.

ಆಗ ನಾಲ್ಕು ತಾಲ್ಲೂಕುಗಳ ಅಷ್ಟೂ ಮಾತಿನ ಪಂಡಿತರು ಒಬ್ಬ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸಲು ಕೂತರು. ಒಬ್ಬರು ತೊಡೆ ತಟ್ಟಿ ತಾಳ ಹಾಕಿದರು. ಇನ್ನೊಬ್ಬರು ಹಾಡಿನ ಧಾಟಿಯಲ್ಲಿ ಕೇಳಿದರು, ಹಾಡಿದರೆ ಕೆಲವರಿಗೆ ಮಾತು ಬರುತ್ತದೆ. ಮೂರನೆಯವರು ವಾಕ್ಯ ಅರ್ಧ ಹೇಳಿ ಬಿಟ್ಟು, ಮುಗಿಸಿ ಅಂದರು. ಹಣ್ಣೇ? ಅಲ್ಲ. ಊರೇ? ಅಲ್ಲ. ಮನುಷ್ಯರೇ? ಮಾಮ ಹೌದು ಅಂತ ಗೋಣು ಆಡಿಸಿ ನನ್ನ ಕಡೆ ಬೆರಳು ತೋರಿಸಿದರು. ಎಲ್ಲರೂ ನನ್ನ ಮೇಲೆ ಬಿದ್ದರು. ನನ್ನ ಹೆಸರು, ಅಡ್ಡಹೆಸರು, ಸೊಸಿ, ಮಗಳು, ಡಾಕ್ಟರ್, ಮೇಡಂ. ಒಂದೊಂದಕ್ಕೂ ಮಾಮ ಸಿಟ್ಟಿನಿಂದ ತಲೆಯಾಡಿಸಿದರು. ಕಾವಲುಗಾರ ಕೇಳಿಸಿಕೊಂಡು ಗೋಡೆಯ ಕಡೆ ನೋಡುತ್ತಿದ್ದ.

"ಒತ್ತಡ ಹಾಕಬ್ಯಾಡ್ರಿ! ಯಾರೂ ಅವರ ಮ್ಯಾಲೆ ಒತ್ತಡ ಹಾಕಬ್ಯಾಡ್ರಿ!" ಅಂತ ಯಲಬುರ್ಗಾದಲ್ಲಿ ಗಾಡಿ ಹತ್ತಿದವಳು ಕಿರುಚಿದಳು. ಆ ಕಿರುಚಾಟಕ್ಕೆ ಚಾ ಅಂಗಡಿಯ ಮಂದಿ ಎದ್ದು ಬಂದರು.

"ಮ..." ಅಂದರು ಮಾಮ. ಅಷ್ಟಕ್ಕೇ ನಿಂತಿತು. ಊರ ಮಂದಿಯೆಲ್ಲ ಸೇರಿ ಮಾವಿನಕಾಯಿ, ಮಂಗ್ಯಾ, ಮೆಣಸಿನಕಾಯಿ ಅಂತ ಒದರತೊಡಗಿದರು.

ನಾನು ಮಾಮನ ಮುಂದೆ ನೆಲದ ಮೇಲೆ ಕೂತೆ. "ಸಾವಕಾಶ ಮಾಮಾ. ಅವಸರ ಇಲ್ಲ" ಅಂದೆ. ಅವಸರ ಇತ್ತು, ಗೋದಾಮಿನ ಗಡಿಯಾರ ನನ್ನ ಬೆನ್ನಿಗೇ ಇತ್ತು. ಮಾಮ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ನಾಚಿಕೆ ಇತ್ತು. ನೂರಾರು ಮಂದಿಯನ್ನು ಮಾತಿನಲ್ಲೇ ಹಿಡಿದು ಕೂರಿಸಿದ ಮನುಷ್ಯ, ಒಂದು ಮಾತಿಗಾಗಿ ಚಾ ಅಂಗಡಿಯವರ ಮುಂದೆ ಬಾಯಿ ತೆರೆದು ಮುಚ್ಚಿ ಮಾಡುವುದನ್ನು ನನಗೆ ನೋಡಲಾಗಲಿಲ್ಲ. ಚುನಾವಣೆ ಹಾಳಾಗಿ ಹೋಗಲಿ ಅನ್ನಿಸಿತು. "ಬಿಡ್ರಿ ಮಾಮಾ, ಸಾಕು" ಅಂದೆ. ಅವರು ಬಿಡಲಿಲ್ಲ, ಗಡಿಯಾರ ಐದು ಹೊಡೆಯುವವರೆಗೂ ಬಿಡಲಿಲ್ಲ.

ಹೊಡೆದ ಮೇಲೆ ಎಲ್ಲರೂ ನಿಂತಲ್ಲೇ ನೆಲಕ್ಕೆ ಕೂತರು. ಕಾವಲುಗಾರನಿಗೇ ಕನಿಕರ ಬಂದು ಚಾ ತರಿಸಿದ. ಮಾಮ ಗೋದಾಮಿನ ಕಟ್ಟೆಯ ಮೇಲೆ ಕೂತು, ಎಡಗೈಯಲ್ಲಿ ಗ್ಲಾಸು ಹಿಡಿದು, ಒಂದು ಗುಟುಕು ಕುಡಿದು, ನನ್ನ ಕಡೆ ತಿರುಗಿ ಯಾವ ತೊಡಕೂ ಇಲ್ಲದೆ ಹೇಳಿದರು.

"ಮೆಂಬರ್."

ಕಾವಲುಗಾರ ತಟ್ಟನೆ ಎದ್ದು ಒಳಗೆ ಹೋಗಿ ಪೆಟ್ಟಿಗೆ ತಂದು ಮಾಮನ ಕಾಲ ಬಳಿ ಇಟ್ಟ. ನನ್ನನ್ನು ಹಾಗೆ ಕರೆಯುವುದು ಯಾರಿಗೂ ಹೊಳೆದಿರಲಿಲ್ಲ, ನಾನು ಅದಿನ್ನೂ ಆಗಿರಲಿಲ್ಲವಲ್ಲ. ಮಾಮ ಹುಡುಗಿಯರ ಹತ್ತಿರ ಗುಟ್ಟಾಗಿ ಅದನ್ನು ಅಭ್ಯಾಸ ಮಾಡಿದ್ದರಂತೆ. ಗೆದ್ದ ದಿನ ಎಲ್ಲರಿಗಿಂತ ಮೊದಲು ತಾವೇ ನನ್ನನ್ನು ಹಾಗೆ ಕರೆಯಬೇಕು ಅಂತ ಅವರ ಆಸೆ. ನಮ್ಮ ಮತದಾರರು ಎಲ್ಲಿದ್ದೇವೆ ಅನ್ನುವುದನ್ನು ಮರೆತು, ರೋಗಿ ಹೊಸ ಮಾತು ಆಡಿದಾಗ ತಟ್ಟುವಂತೆ ಚಪ್ಪಾಳೆ ತಟ್ಟಿದರು. ಚಾ ಅಂಗಡಿಯವರು ಗೆದ್ದೆವು ಅಂದುಕೊಂಡು ಶಿಳ್ಳೆ ಹೊಡೆದರು. ಡ್ರೈವರ್ ಸೀಟಿನ ಕೆಳಗಿಂದ ಗುಲಾಲಿನ ಪೊಟ್ಟಣ ತೆಗೆದು ಎರಚಿಯೇಬಿಟ್ಟ. ಒಂದೂ ಓಟು ಹಾಕದೆ, ತಲೆಯಿಂದ ಕಾಲಿನವರೆಗೆ ಗುಲಾಲು ಹಚ್ಚಿಕೊಂಡು, ನಾವು ಕುಷ್ಟಗಿ ಮಾರ್ಗವಾಗಿ ಕೊಪ್ಪಳಕ್ಕೆ ವಾಪಸ್ ಬಂದೆವು. ದಾರಿಯಲ್ಲಿ ಮೂರು ಕಡೆ ಜನ ಕೈ ಬೀಸಿದರು.

ನಮ್ಮ ಕ್ರೂಸರಿನಲ್ಲಿದ್ದ ಮಂದಿಗಿಂತ ಕಡಿಮೆ ಅಂತರದಲ್ಲಿ ನಾನು ಸೋತೆ. ಪ್ರೊಫೆಸರ್ ಫೋನ್ ಮಾಡಿ ಸಮಾಧಾನ ಹೇಳಿದರು. "ನಿಮ್ಮ ಜಿಲ್ಲೆಯಿಂದ ಒಂದೂ ಮತ ಬಿದ್ದಿಲ್ಲವಂತೆ. ಬಹಿಷ್ಕಾರವೇ?" ಅಂತ ಬೇಸರದಿಂದ ಕೇಳಿದರು.

"ಇಲ್ಲ ಸರ್, ಪ್ರವಾಸಕ್ಕೆ ಹೋಗಿದ್ವಿ" ಅಂದೆ.

ನಿಯಮ ಬಂತು. ಕೊನೆಯ ಜೋಡಿ ಹುಡುಗಿಯರು ಇರಕಲ್ಲಗಡಕ್ಕೆ ಹೋಗಿ ಮಾಮನ ಕಾಲಿಗೆ ನಮಸ್ಕಾರ ಮಾಡಿ ಹೊರಟರು, ಅವರ ಹಿಂದೆ ಯಾರೂ ಬರಲಿಲ್ಲ. ಪ್ರೊಫೆಸರ್ ಮೊಬೈಲಿಗೆ ಹಾಕಿಕೊಟ್ಟಿದ್ದ ಪಾಠಗಳನ್ನು ಮಾಮ ಒಂದು ದಿನ ನೋಡಿ ಬಿಟ್ಟರು. ಇಸ್ತ್ರಿ ಅಂಗಿ ಪೆಟ್ಟಿಗೆ ಸೇರಿತು. ಮತ್ತೆ ಗೋಡೆಯ ಕಡೆ ಮುಖ. ನಾನು ಹೋದರೆ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಮಲಗುತ್ತಿದ್ದರು. ಅತ್ತಿ ಒಂದು ದಿನ ಫೋನಿನಲ್ಲಿ, "ಈಗ ಚಾ ಸೈತ ಕೈಸನ್ನಿಲೇ ಕೇಳಾಕತ್ತಾರವಾ" ಅಂದಳು. ಆ ಸಲ ಆಕೆ ಗಂಡನ ಪರವಾಗಿ ಏನನ್ನೂ ಸೇರಿಸಿ ಹೇಳಲಿಲ್ಲ. ನಾನು ಫೋನ್ ಇಟ್ಟು, ಮುಂದೆ ಕೂತಿದ್ದ ರೋಗಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಅದಾದ ಕೆಲವು ವಾರಕ್ಕೆ ಕೊಪ್ಪಳದ ಕ್ಲಿನಿಕ್ಕಿನಲ್ಲಿ ಸಂತೆಯ ದಿನದ ಗದ್ದಲ. ಟೋಕನ್ ಕೂಗಿದರು, ಬಾಗಿಲು ತೆರೆಯಿತು. ಒಳಗೆ ಬಂದವರು ಮಾಮ. ಇಸ್ತ್ರಿ ಅಂಗಿ. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು, ಎಡಗೈಯಲ್ಲಿ ಟೋಕನ್ ಇತ್ತು.

ಹಿಂದಿನಿಂದ ಅತ್ತಿ, "ಮುಂಜಾನಿಂದ ಪಾಳೇದಾಗ ಕುಂತಾರ. ಒಳಗ ಹೇಳಿ ಕಳಸೂನು ಅಂದ್ರ ಬ್ಯಾಡ ಅಂದ್ರು" ಅಂದಳು.

ಮಾಮ ರೋಗಿಗಳ ಕುರ್ಚಿಯಲ್ಲಿ ಕೂತರು. ಟೋಕನ್ನನ್ನು ಮೇಜಿನ ಮೇಲಿಟ್ಟರು. ಜೇಬಿಗೆ ಕೈ ಹಾಕಿ ಮಡಚಿದ ಒಂದು ಕಾರ್ಡು ತೆಗೆದು ಅದನ್ನೂ ಇಟ್ಟರು. ಮಣ್ಣು ಮೆತ್ತಿ ಒಣಗಿದ, ಒಂದು ಮೂಲೆ ಗೊರಸಿಗೆ ಸಿಕ್ಕು ಹರಿದ, ಎಮ್ಮೆಯ ಚಿತ್ರದ ಕಾರ್ಡು. ಆಮೇಲೆ ನನ್ನ ಮುಖ ನೋಡಿ, ಬಹಳ ಹೊತ್ತು ಹುಡುಕಿ ಹೇಳಿದರು.

"ಮೆಂಬರ್... ಕಲಿಸು."

ನನಗೆ ಅಳು ಬಂತು, ಅತ್ತುಬಿಟ್ಟೆ. ಕಣ್ಣು ಒರೆಸಿಕೊಂಡು ಕಾರ್ಡನ್ನು ಅವರ ಕಡೆ ತಿರುಗಿಸಿ, "ಇದೇನ್ರಿ ಮಾಮಾ?" ಅಂತ ಕೇಳಿದೆ. ಮಾಮ ಬಾಯಿ ತೆರೆದರು. ನಾನು ಕಾದೆ. ಹೊರಗೆ ಪಾಳಿಯಲ್ಲಿದ್ದವರು ಆಗಲೇ ಗೊಣಗಲು ಶುರು ಮಾಡಿದ್ದರು.